ಕಾಲು ನಿಲ್ಲದ ದರ್ಜಿಯ ಇಸಿಜಿ

ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲು ಅದು. ಅಷ್ಟನ್ನೂ ರಸ್ತೆಯ ಮೇಲೆ ತುಳಿದಿದ್ದರೆ ದರ್ಜಿ ಇಷ್ಟು ಹೊತ್ತಿಗೆ ಚಂದ್ರಲೋಕಕ್ಕೆ ಎರಡು ಸಲ ಹೋಗಿ, ಅಲ್ಲಿಯವರ ಅಂಗಿಯ ಅಳತೆ ತೆಗೆದುಕೊಂಡು ಬಂದಿರುತ್ತಿದ್ದ. ಊಟಕ್ಕೆ ಕೂತರೂ ಬಲಗಾಲು ಮೇಜಿನಡಿ ತುಳಿಯುತ್ತಲೇ ಇರುತ್ತದೆ. ನೀರಿನ ಲೋಟ ತಾನಾಗಿ ನಡೆದು ಎದುರಿನವರ ಮಡಿಲಿಗೆ ಬೀಳುತ್ತದೆ.

ಮೊನ್ನೆ ಮೆಟ್ಟಿಲು ಹತ್ತುವಾಗ ಅವನಿಗೆ ಏದುಸಿರು ಬಂತೆಂದು ಮಗಳು ಆಸ್ಪತ್ರೆಗೆ ಎಳೆದುತಂದಳು.

"ನೋಡಪ್ಪ, ರಿಪೋರ್ಟ್ ಕೆಟ್ಟದಾಗಿ ಬಂತೋ, ಮಷೀನ್ ಮಾರೋದೇ. ಆಮೇಲೆ ಕಾಲಿಗೆ ಬಿದ್ರೂ ಕೇಳಲ್ಲ."

"ಅದರ ಬದಲು ನನ್ನನ್ನೇ ಮಾರಿಬಿಡು" ಎಂದು ಗೊಣಗಿ, ದರ್ಜಿ ಎದೆಗೆ ವಯರು ಅಂಟಿಸಿಕೊಂಡು ಮಲಗಿದ.

ಇಸಿಜಿ ಕಾಗದ ಕೈಗೆ ಬಂತು. ಮೇಲ್ಗಡೆ ಯಂತ್ರವೇ 'ಅಸಹಜ' ಎಂದು ಮುದ್ರಿಸಿತ್ತು. ಮಗಳ ಮುಖ ಬಿಳಿಚಿತು. ದರ್ಜಿ ಹೊಲಿಗೆ ಪರೀಕ್ಷಿಸುವಂತೆ ಗೆರೆಯ ಮೇಲೆ ಹೆಬ್ಬೆರಳು ಎಳೆದ.

"ಅಯ್ಯಯ್ಯೋ, ದಾರ ಸಡಿಲ ಬಿದ್ದಿದೆ ಕಣೇ! ಇಂಥ ಹೊಲಿಗೆ ಹಾಕಿದ್ರೆ ಗಿರಾಕಿ ನನ್ನ ಕತ್ತು ಹಿಡೀತಿದ್ದ. ನನ್ನ ಕಥೆ ಮುಗೀತು. ಕತ್ತರಿ ಮಾತ್ರ ನಿಮ್ಮಮ್ಮನ ಕೈಗೆ ಕೊಡಬೇಡ, ಹಾಲಿನ ಪ್ಯಾಕೆಟ್ ಕತ್ತರಿಸ್ತಾಳೆ."

"ಬಾಯಿ ಮುಚ್ಚಪ್ಪ!"

ಡಾಕ್ಟರಮ್ಮ ಕಾಗದ ನೋಡಿದರು, ದರ್ಜಿಯನ್ನು ನೋಡಿದರು. ಮೇಜು ಗಡಗಡ ಎನ್ನುತ್ತಿತ್ತು. ಪೆನ್ನು ಉರುಳಿ ಬಿತ್ತು. ಎತ್ತಲು ಬಗ್ಗಿದವರು ಮೇಜಿನಡಿ ನೋಡಿದರು.

"ಯಜಮಾನ್ರೇ, ಅಲ್ಲಿ ಮಲಗಿದ್ದಾಗಲೂ ಕಾಲು ಹೀಗೇ ಕುಣೀತಿತ್ತಾ?"

"ಯಾವ ಕಾಲು?" ಎಂದ ದರ್ಜಿ, ನಿಜವಾಗಿಯೂ ಗೊತ್ತಿಲ್ಲದೆ.

ಡಾಕ್ಟರಮ್ಮ ನಕ್ಕರು. "ಮೈ ಅಲುಗಿದ್ರೆ ಅದೂ ಗೆರೆಯಲ್ಲಿ ಬೆರೆತುಹೋಗುತ್ತೆ. ಮೇಲೆ ಬರೆದಿರೋದು ಯಂತ್ರದ ಊಹೆ, ತೀರ್ಪಲ್ಲ. ಇನ್ನೊಂದ್ಸಲ ತೆಗೆಯೋಣ."

ಈ ಸಲ ಮಗಳು ಆ ಕಾಲನ್ನು ಎರಡು ಕೈಯಲ್ಲಿ ಅದುಮಿ ಹಿಡಿದಳು. ಓಡುವ ರೈಲು ನಿಲ್ಲಿಸಿದಷ್ಟು ಬೆವರಿದಳು. ಗೆರೆ ಒಂದೇ ಅಳತೆಯಲ್ಲಿ ಏರಿ ಇಳಿದು, ಮದುವೆ ಕೋಟಿನ ಹೊಲಿಗೆಯಂತೆ ಬಂತು.

"ಹಾಗಾದ್ರೆ ನನ್ನ ಹೊಲಿಗೆ ಮಷೀನ್ ಮಾರಬೇಕಿಲ್ವಾ?" ಎಂದ ದರ್ಜಿ.

"ತಡೀರಿ. ಇದು ಮಲಗಿದ್ದಾಗಿನ ಮಾತು. ಏದುಸಿರು ಬಂದಿದ್ದು ಮೆಟ್ಟಿಲಲ್ಲಿ. ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡ್ಬೇಕು."

ದರ್ಜಿ ನಡೆದ. ನಡೆದೇ ನಡೆದ. ಟ್ರೆಡ್‌ಮಿಲ್ಲೇ ಸುಸ್ತಾಗಿ ಕುರ್ಚಿ ಕೇಳುವುದೊಂದು ಬಾಕಿ.

"ಇದರಲ್ಲೂ ಏನೂ ತೊಂದರೆ ಕಾಣ್ತಿಲ್ಲ. ಮೆಟ್ಟಿಲಲ್ಲಿ ಏನಾದ್ರೂ ಹೊತ್ತಿದ್ರಾ?"

"ಏನಿಲ್ಲ ತಾಯಿ. ಬಟ್ಟೆ ಸುರುಳಿ, ನಾಲ್ಕೇ ಥಾನು."

"ನಾಲ್ಕು ಥಾನಾ!" ಮಗಳ ಕೂಗಿಗೆ ಪಕ್ಕದ ಕೋಣೆಯ ಮೂಕ ರೋಗಿಯೂ ಏನಾಯ್ತೆಂದು ಕೇಳಿದನಂತೆ.

"ಹೊರೋದು ಬಿಡಿ. ಮತ್ತೆ ಏದುಸಿರೋ ಎದೆನೋವೋ ಬಂದ್ರೆ ತಕ್ಷಣ ಬನ್ನಿ. ಮಷೀನ್ ಇರಲಿ."

ಇರಲಿ ಅಂದದ್ದೇ ತಡ, ಎಡಗಾಲೂ ಶುರುವಾಯಿತು. ಮೇಜಿನ ಮೇಲೆ ಡಾಕ್ಟರಮ್ಮನ ಚಹಾ ಲೋಟ ಹೊರಟೇಬಿಟ್ಟಿತು. ಮಗಳು ಹಾರಿ ಹಿಡಿದಳು.