ಬೀದಿಗೊಂದೇ ಬೆಲ್ಟ್ ಗಾರ್ಡ್

ಗೆಳೆಯರೇ, ಇವತ್ತು ರಾಜಾಜಿನಗರದ ನಮ್ಮ ಲೇತ್ ಶೆಡ್ಡಿಗೆ ವಿಮೆ ಆಫೀಸರು ಬಂದಿದ್ದರು. ಕೆಲಸದಲ್ಲಿ ಯಾರಿಗಾದರೂ ಪೆಟ್ಟಾದರೆ ಮಾಲೀಕರ ಬದಲು ವಿಮೆ ಕಂಪನಿಯೇ ಪರಿಹಾರ ಕೊಡುವ ಪಾಲಿಸಿಯಂತೆ. ಹೋದ ವರ್ಷ ನನ್ನ ತಮ್ಮ ಇಲ್ಲಿಯ ಲೇತ್ ಯಂತ್ರದ ಬೆಲ್ಟಿಗೆ ಸಿಕ್ಕಿ ತೀರಿಕೊಂಡ ಮೇಲೆ ಮಾಲೀಕರಿಗೆ ಬುದ್ಧಿ ಬಂದಿದೆ. ಕೈ ಸಿಕ್ಕದಂತೆ ಬೆಲ್ಟನ್ನು ಮುಚ್ಚುವ ಗಾರ್ಡ್ ಮಾಡಿಸಲಿಲ್ಲ, ಪಾಲಿಸಿಗೆ ಅರ್ಜಿ ಹಾಕಿದರು.

ಗಾರ್ಡ್ ಇಲ್ಲದಿದ್ದರೆ ಪಾಲಿಸಿ ಇಲ್ಲ. ಅದಕ್ಕೇ ಬೆಳಿಗ್ಗೆ ಪಕ್ಕದ ಶೆಡ್ಡಿನ ಜಾಲರಿ ಗಾರ್ಡನ್ನು ಎರವಲು ತಂದು ಬಿಗಿದೆವು. ನಮ್ಮ ಬೀದಿಯಲ್ಲಿ ಇರುವುದು ಅದೊಂದೇ. ತಪಾಸಣೆ ಇದ್ದ ಶೆಡ್ಡಿಗೆಲ್ಲ ಉತ್ಸವಮೂರ್ತಿಯ ಹಾಗೆ ಹೋಗಿಬರುತ್ತದೆ.

ಆಫೀಸರು ಬಗ್ಗಿ ನೋಡಿ, "ಏನ್ ಗೌಡ್ರೇ, ಈ ಹಸಿರು ಗಾರ್ಡ್‌ನ ಹೋದ ವಾರ ಪಕ್ಕದ ಶೆಡ್ಡಲ್ಲಿ ನೋಡಿದ್ನಲ್ಲ?" ಎಂದರು.

"ಎಲ್ಲಾ ಒಂದೇ ಕಡೆ ಮಾಡ್ಸಿದ್ದು ಸಾರ್. ಕಾಫಿ ಆರೋಗುತ್ತೆ, ತಗೊಳ್ಳಿ" ಎಂದರು ಮಾಲೀಕರು.

ಆಫೀಸರು ಕಾಫಿ ಕುಡಿದು ರುಜು ಹಾಕಿದರು. ಅವರು ಹೊಸಿಲು ದಾಟುವಷ್ಟರಲ್ಲಿ ಎದುರು ಶೆಡ್ಡಿನವನು ಸ್ಪ್ಯಾನರ್ ಹಿಡಿದು ಹಿಂಬಾಗಿಲಿಂದ ಬಂದ. "ಬೇಗ ಬಿಚ್ಚಣ್ಣ, ಈಗ ನಮ್ಮಲ್ಲಿಗೇ ಬರ್ತಾ ಇದಾರೆ!"

ಬಿಚ್ಚಿಕೊಟ್ಟೆ. ಬೆಲ್ಟ್ ಮತ್ತೆ ಬರಿಮೈಯಲ್ಲಿ ತಿರುಗತೊಡಗಿತು.

"ಇನ್ಮೇಲೆ ಯಾರ ಕೈ ಹೋದ್ರೂ ಚಿಂತೆ ಇಲ್ಲ ಕಣಯ್ಯ" ಎಂದರು ಮಾಲೀಕರು.

ನಿಜ. ಚಿಂತೆಯನ್ನು ಕಂಪನಿ ವಹಿಸಿಕೊಂಡಿದೆ. ಕೈ ಮಾತ್ರ ನಾವು ಕೊಡಬೇಕು.