ಸಮಾಧಿಗೆ ಸುಣ್ಣ

ನವೆಂಬರ್ ಹತ್ತಿರವಾದರೆ ನನಗೆ ಮೊದಲು ನೆನಪಾಗುವುದು ಮಂಡಿನೋವು, ಆಮೇಲೆ ಸುಣ್ಣ. ಸತ್ತವರ ಹಬ್ಬಕ್ಕೆ ಮುಂಚೆ ಚರ್ಚಿನ ಹಿಂದಿನ ಸಮಾಧಿಗಳಿಗೆ ಸುಣ್ಣ ಬಳಿಯಬೇಕು. ನಾನು ಕ್ರಿಶ್ಚಿಯನ್ ಅಲ್ಲ. ಫ್ಯಾಕ್ಟರಿ ಕೆಲಸಕ್ಕೆ ಬಂದ ಗಂಡನ ಹಿಂದೆ ದಾವಣಗೆರೆ ಕಡೆಯಿಂದ ಕೆಜಿಎಫ್‌ಗೆ ಬಂದವಳು. ಪಕ್ಕದ ಮನೆಯವಳು ಗಣಿ ಕಾರ್ಮಿಕನ ವಿಧವೆ. ಆಂಬೂರಿನ ಮಗಳ ಮನೆಗೆ ಹೊರಡುವಾಗ ಗಂಡನ ಸಮಾಧಿಯನ್ನು ನನ್ನ ತಲೆಗೆ ಕಟ್ಟಿ ಹೋದಳು.

"ಸುಣ್ಣ ಕಾಣ್ಲಿಲ್ಲ ಅಂದ್ರೆ ದಿಕ್ಕಿಲ್ಲ ಅಂತ ಬೇರೆಯವ್ರಿಗೆ ಕೊಟ್ಬಿಡ್ತಾರಕ್ಕಾ. ನಂಗೆ ಅವರ ಜೊತೆನೇ ಮಲಗ್ಬೇಕು."

ಅಲ್ಲಿ ಜಾಗ ತುಂಬಿಹೋಗಿದೆ. ಗಂಡನ ಗುಂಡಿಯನ್ನೇ ತೆಗೆದು ಹೆಂಡತಿಯನ್ನು ಇಡುವುದು ರೂಢಿ. ಆ ಗುಂಡಿ ಉಳಿಯಬೇಕಾದರೆ ವರ್ಷಕ್ಕೊಮ್ಮೆ ಯಾರಾದರೂ ಬಳಿಯುತ್ತಿರಬೇಕು. ಆ ಯಾರಾದರೂ ಎಂದರೆ ನಾನು.

ಕಾಂಪೌಂಡು ಕುಸಿದ ಕಡೆಯಿಂದ ಮೇಕೆಗಳು ನುಗ್ಗುತ್ತವೆ. ಗಣಿಯ ಹಳೇ ಪೈಪು ಬೆಸೆದು ಮಾಡಿದ ಶಿಲುಬೆಗಳು ತುಕ್ಕು ಹಿಡಿದು ವಾಲಿವೆ. ಗಾಳಿ ಎದ್ದರೆ ಚಿನ್ನ ತೆಗೆದುಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಬೂದು ಧೂಳು ಹಸಿ ಸುಣ್ಣದ ಮೇಲೆಯೇ ಬಂದು ಕೂರುತ್ತದೆ. ಬಳಿದದ್ದೆಲ್ಲ ನೀರಲ್ಲಿ ಹೋಮ. ಸಾಲದ್ದಕ್ಕೆ ಉಳಿದ ಸುಣ್ಣವನ್ನು ಮನೆಗೆ ತರಬಾರದಂತೆ, ಪಕ್ಕದ ಹೆಸರಿಲ್ಲದ ಸಮಾಧಿಗೆ ಬಳಿದು ಡಬ್ಬ ಬರಿದು ಮಾಡಬೇಕು. ನನ್ನ ಸ್ವಂತ ಮನೆಯ ಗೋಡೆ ಸುಣ್ಣ ಕಂಡು ಎಷ್ಟೋ ಕಾಲವಾಯಿತು.

ನಿಜಕ್ಕೂ ಸಾಕಾಗಿತ್ತು. ಪ್ರತಿ ವರ್ಷ ಹಬ್ಬಕ್ಕೆ ಅವಳು ಬಂಗಾರಪೇಟೆಯಲ್ಲಿ ರೈಲು ಬದಲಿಸಿ ಮಾರಿಕುಪ್ಪಂನಲ್ಲಿ ಇಳಿಯುತ್ತಿದ್ದಳು. ಹೋದ ವರ್ಷ ಬಂದಾಗ ಹೇಳಿಯೇಬಿಡಬೇಕು ಎಂದುಕೊಂಡಿದ್ದೆ: "ಇನ್ನು ನನ್ನ ಕೈಲಿ ಆಗಲ್ಲ ಕಣೇ, ಬೇರೆ ಯಾರನ್ನಾದ್ರೂ ನೋಡ್ಕೋ." ಬಳಿಯುವಾಗಲೂ ಅದನ್ನೇ ಬಾಯಿಪಾಠ ಮಾಡಿದೆ.

ಹಬ್ಬಕ್ಕೆ ಮುಂಚೆಯೇ ಬಂದಳು. ರೈಲಿನಲ್ಲಲ್ಲ, ವ್ಯಾನಿನಲ್ಲಿ, ಪೆಟ್ಟಿಗೆಯೊಳಗೆ. ಇಳಿದವಳೇ ಮಗಳು ನನ್ನ ಕೈ ಹಿಡಿದು, "ದೊಡ್ಡಮ್ಮಾ, ಅಪ್ಪಾದು ಯಾವ್ದು?" ಎಂದಳು. ಬೇರೆ ಯಾರೂ ಇನ್ನೂ ಸುಣ್ಣ ಹಚ್ಚಿರಲಿಲ್ಲ. ಬೂದು ಸಾಲುಗಳ ನಡುವೆ ಬೆಳ್ಳಗಿದ್ದ ಎರಡರಲ್ಲಿ ಅವರದನ್ನು ತೋರಿಸಿದೆ.

ಹಾರೆ ಬಿದ್ದ ಕಡೆ ನನ್ನ ಸುಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿತು. ಅಳು ಬಂತು, ಅವಳ ಮೇಲೆ ಸಿಟ್ಟೂ ಬಂತು. ಇಷ್ಟು ಅವಸರವೇನಿತ್ತು?

ಮಣ್ಣು ಮುಚ್ಚಿದ ಮೇಲೆ ಮಗಳು ಅಂದಳು, "ಅಮ್ಮ ಯೋಳ್ತಾನೇ ಇದ್ರು, ಅಕ್ಕ ಅವ್ರೆ, ನೋಡ್ಕೊಂತಾರೆ ಅಂತ."

ನಾನು ಹೂಂ ಅಂದೆ.

ಈಗ ಮತ್ತೆ ಹಬ್ಬ ಬರುತ್ತಿದೆ. ಬಂಗಾರಪೇಟೆಯಿಂದ ಸುಣ್ಣ ತಂದಿಟ್ಟಿದ್ದೇನೆ. ಆಗಲ್ಲ ಅನ್ನೋಣವೆಂದರೆ, ಆ ಮಾತು ಕೇಳಬೇಕಾದವಳೇ ಅಲ್ಲಿ ಮಲಗಿದ್ದಾಳೆ.