ರೊಟ್ಟಿ ತಳ್ಳಿದ ಹುಡುಗಿ

ಜಂಪರಿನ ಕೆಳಗಿನಿಂದ ಎರಡನೆಯ ಹುಕ್ಕು ಕಿತ್ತು ಹಾರಿ ಮಜ್ಜಿಗೆಯ ಪಾತ್ರೆಗೆ ತಗುಲಿ ಟಿಣ್ ಎಂದಿತು. ಎಂ.ಎ. ಮುಗಿಸಿ ಧಾರವಾಡದಿಂದ ಗದಗಿನ ಮನೆಗೆ ಬಂದ ಹೊಸತು. ಹಾಸ್ಟೆಲ್ಲಿನ ಅನ್ನವೆಲ್ಲ ನನ್ನ ಸೊಂಟದ ಸುತ್ತ ಉಳಿದುಕೊಂಡಿತ್ತು.

ಯಾರಿಗೂ ಹೇಳದೆ ಲೇಡಿ ಡಾಕ್ಟರರ ಬಳಿ ಹೋದೆ. ಹಸಿದುಕೊಂಡಿರಬಾರದು, ತಲೆ ಸುತ್ತಿದರೆ ಕೂಡಲೇ ಬರಬೇಕು ಎಂದು ಮೊದಲೇ ಎಚ್ಚರಿಸಿದರು. ಅನ್ನ, ಸಕ್ಕರೆ ಬೇಡ. ರೊಟ್ಟಿ ಹೊತ್ತಿಗೆ ಅರ್ಧ ಸಾಕು. ಕಾಳುಪಲ್ಯ, ಸೊಪ್ಪು, ಮೊಸರು ಹೊಟ್ಟೆ ತುಂಬ ತಿನ್ನಬೇಕು. ತೂಕ ನಿಧಾನವಾಗಿ ಇಳಿಯಲಿ ಎಂದರು.

ಆಗಲೇ ಲಕ್ಷ್ಮೇಶ್ವರದಿಂದ ಒಂದು ಸಂಬಂಧ ಬಂದಿತ್ತು. ಹುಡುಗ ನೋಡಿಕೊಂಡು ಹೋಗಿದ್ದ. ನನಗೆ ಎಷ್ಟು ಹಿಡಿಸಿದ್ದನೆಂದರೆ, ಅಪ್ಪ ಕೇಳಿದಾಗ ನಾಚಿಕೆಯಿಂದ 'ನಿಮ್ಮಿಷ್ಟ' ಎಂದಷ್ಟೇ ಹೇಳಿದ್ದೆ.

ನಮ್ಮ ಕಡೆ ಮದುವೆಯ ಮಾತು ನಡೆದಿರುವಾಗ ಹುಡುಗಿ ರೊಟ್ಟಿ ತಳ್ಳಿದರೆ ಅದಕ್ಕೆ ಒಂದೇ ಅರ್ಥ: ವರ ಒಪ್ಪಿಗೆಯಿಲ್ಲ. ಬಾಯಿ ಬಿಟ್ಟು ಹೇಳಲಾಗದವರು ಬೇಡವೆನ್ನುವುದು ಹಾಗೆಯೇ. ಓದಿದ ನನಗೆ ಇದು ಹೊಳೆಯಲೇ ಇಲ್ಲ; ಹೊತ್ತು ಹೊತ್ತಿಗೂ ಅರ್ಧ ರೊಟ್ಟಿ ಮುರಿದುಕೊಂಡು ಉಳಿದದ್ದನ್ನು ತಳ್ಳುತ್ತಿದ್ದೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪಕ್ಕದ ಮನೆಯ ಕಾಕು ಗೋಡೆಯಾಚೆಯಿಂದ ನನ್ನ ತಾಟಿನಲ್ಲಿ ಉಳಿದ ರೊಟ್ಟಿ ನೋಡಿದಳು. ಸುದ್ದಿ ನನಗಿಂತ ಹಗುರ. ಲಕ್ಷ್ಮೇಶ್ವರದ ಬಸ್ಸು ಹತ್ತಿಬಿಟ್ಟಿತು. ಅಲ್ಲಿ ಇಳಿಯುವಷ್ಟರಲ್ಲಿ ಅರ್ಧ ರೊಟ್ಟಿ ಪೂರ್ತಿ ಉಪವಾಸವೇ ಆಗಿತ್ತು.

ಹುಡುಗನ ಅಕ್ಕ ಬಂದಿಳಿದರು. ಮನಸ್ಸಿಲ್ಲದವಳನ್ನು ಒತ್ತಾಯಿಸುವುದು ಬೇಡ, ಮಾತು ಇಲ್ಲಿಗೇ ನಿಲ್ಲಿಸೋಣ ಎಂದು ಅಪ್ಪನಿಗೆ ಹೇಳಿ, ಉಪವಾಸ ಕೂತವಳನ್ನು ಸಮಾಧಾನ ಮಾಡಲು ಅಡುಗೆಮನೆಗೆ ನಡೆದು ಬಂದರು. ನಾನು ಮಡಿಕೆಕಾಳಿನ ಪಲ್ಯದ ಗುಡ್ಡದ ಮುಂದೆ ಕೂತಿದ್ದೆ. ಪಕ್ಕದಲ್ಲಿ ಹಸಿ ಮೆಂತ್ಯಸೊಪ್ಪು, ಸೌತೆಕಾಯಿ, ಬಟ್ಟಲು ತುಂಬ ಮೊಸರು. ಬಾಯಿ ತುಂಬ ತುತ್ತು.

ಅವರು ತಾಟನ್ನು ನೋಡಿದರು, ನನ್ನನ್ನು ನೋಡಿದರು. "ಉಪವಾಸ ಅಂದ್ರ ಇದೇನವಾ? ಹಂಗಿದ್ರ ನಾನೂ ಹಿಡೀತೀನಿ."

ನುಂಗಿದೆ. ತಲೆ ಗಿರ್ರೆಂದಿತು, ಡಾಕ್ಟರರು ಹೇಳಿದ ಸುತ್ತು ಇದಲ್ಲವೆಂದು ಗೊತ್ತಿತ್ತು. "ಉಪವಾಸ ಅಲ್ರಿ ಅಕ್ಕಾರ. ತೂಕ ಇಳಸಾಕತ್ತೀನಿ, ಅಷ್ಟ. ನಿಮ್ಮ ತಮ್ಮಾರು ನನಗ ಒಪ್ಪಿಗಿ ಅದಾರ."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅಕ್ಕ ನಗುತ್ತ ನೆಲದ ಮೇಲೆಯೇ ಕೂತುಬಿಟ್ಟರು. "ಖಬರ ಕೇಳಿ ಖರೇನ ಊಟ ಬಿಟ್ಟಾಂವ ಅಲ್ಲಿ ಒಬ್ಬ ಕುಂತಾನ," ಎಂದರು, ಉಸಿರು ಹಿಡಿಯುತ್ತ. "ಅವಗ ಮೊದ್ಲ ಹೋಗಿ ಉಣ್ಣಾಕ ಹೇಳಬೇಕು."

ಡಬ್ಬಿಯಿಂದ ಸಕ್ಕರೆ ತೆಗೆದು ನನ್ನ ಬಾಯಿಗೆ ಹಾಕಿದರು. ಅದನ್ನು ತಳ್ಳುವಷ್ಟು ಪಥ್ಯ ನನಗೆ ಆಗಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಅವರು ಹೊರಟಾಗ ನನ್ನ ಪಾದಗಳು ನೆಲಕ್ಕೆ ಸರಿಯಾಗಿ ಊರುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ, ಓಣಿಯ ಹೆಂಗಸರು ನಳದ ಮುಂದೆ ಕೊಡ ಹಿಡಿದು ನಿಂತಿದ್ದ ಹೊತ್ತಿನಲ್ಲಿ, ನಾನು ತಾಟು ಹಿಡಿದು ಹೊರಗೆ ಬಂದೆ. ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು, ಎಲ್ಲರಿಗೂ ಕಾಣುವಂತೆ, ನನ್ನ ಪಾಲಿನ ಅರ್ಧ ರೊಟ್ಟಿಯನ್ನು ಚೂರೂ ತಳ್ಳದೆ ನಿಧಾನವಾಗಿ ಉಂಡೆ.